ಬೆಂಕಿ, ನೀರು, ಗಾಳಿ, ಮಣ್ಣನ್ನು ಬಿಟ್ಟು ಹೊಸ ಬಗೆಯ ಚೇತನಗಳನ್ನು ಸೃಷ್ಟಿಸುವುದು ಹೇಗೆ?

ಅಲೆಮಾರಿ (ಪ್ರಶ್ನೆ):

ರೋಲ್‌ಪ್ಲೇಯಿಂಗ್ ಆಟಕ್ಕಾಗಿ (ಆಟಗಾರರು ಒಂದೊಂದು ಪಾತ್ರವಹಿಸಿ ಕಥೆಯನ್ನು ಮುಂದುವರಿಸುವ ಆಟ) ನಾನು ಎಂಟು ತಿಂಗಳಿಂದ ಒಂದು ಕಲ್ಪಿತ ಲೋಕವನ್ನು ಕಟ್ಟುತ್ತಿದ್ದೇನೆ. ಊರುಗಳು, ನದಿಗಳು, ರಾಜವಂಶಗಳು ಒಂದು ಮಟ್ಟಕ್ಕೆ ಸಿದ್ಧವಾಗಿವೆ, ಆದರೆ ಅಲ್ಲಿನ ಚೇತನಗಳ ವಿಷಯಕ್ಕೆ ಬಂದರೆ ಲೇಖನಿ ಮುಂದೆ ಸಾಗುತ್ತಿಲ್ಲ. ದೆವ್ವ ಎಂಬ ಪದವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಅದನ್ನು ಕೇಳಿದೊಡನೆ ಸತ್ತವರು ನೆನಪಾಗುತ್ತಾರೆ. ನನಗೆ ಬೇಕಿರುವುದು ಎಂದೂ ಮನುಷ್ಯರಾಗಿರದ, ಆದರೆ ಮನುಷ್ಯರೊಡನೆ ವ್ಯವಹರಿಸಬಲ್ಲ ಜೀವಿಗಳು.

ಬರೆದದ್ದೆಲ್ಲ ಬೆಂಕಿ, ನೀರು, ಗಾಳಿ, ಮಣ್ಣು ಎಂಬ ನಾಲ್ಕು ಗೂಟಗಳ ಸುತ್ತಲೇ ತಿರುಗುತ್ತಿದೆ. ಮಂಜಿನ ಚೇತನ, ಉಪ್ಪಿನ ಚೇತನ ಎಂದು ಪಟ್ಟಿಯನ್ನು ಬೆಳೆಸಿ ನೋಡಿದೆ. ಆಡುವಾಗ ಅವೆಲ್ಲವೂ ಬಣ್ಣ ಬಳಿದ ಒಂದೇ ಶತ್ರುವಿನಂತೆ ಕಂಡವು. ಕಳೆದ ವಾರ ಉಪ್ಪಿನ ಚೇತನ ಎದುರಾದಾಗ ಆಟಗಾರರೊಬ್ಬರು ಅದರ ಹೆಸರನ್ನೂ ಕೇಳದೆ ಕತ್ತಿ ಹಿರಿದರು. ತಪ್ಪು ಅವರದಲ್ಲ, ಆಡುವುದಕ್ಕೆ ಒಂದು ಮಾತನ್ನೂ ನಾನು ಅದಕ್ಕೆ ಕೊಟ್ಟಿರಲಿಲ್ಲ. ಹೊಸ ಚೇತನವನ್ನು ಯಾವ ತುದಿಯಿಂದ ಕಟ್ಟಲು ಆರಂಭಿಸಬೇಕೆಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಮಸಿಕುಡಿಕೆ:

ನೀವು ಹೇಳಿದ ನಾಲ್ಕು ಗೂಟಗಳನ್ನು ಗಟ್ಟಿಯಾಗಿ ನೆಟ್ಟವರು 16ನೇ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್. ಮಣ್ಣಿಗೆ ನೋಮ್, ನೀರಿಗೆ ಅಂಡೈನ್, ಗಾಳಿಗೆ ಸಿಲ್ಫ್, ಬೆಂಕಿಗೆ ಸಾಲಮ್ಯಾಂಡರ್ ಎಂದು ಅವರು ಮಾಡಿದ ಹಂಚಿಕೆ ಇಂದಿನ ಅನೇಕ ಆಟಗಳಿಗೂ ಇಳಿದು ಬಂದಿದೆ. ಆದರೆ ಹಾಗೆ ಇಳಿದು ಬರುವಾಗ ಅದರ ಸತ್ವ ದಾರಿಯಲ್ಲೇ ಉಳಿದುಬಿಟ್ಟಿತು ಎಂಬುದು ನನ್ನ ಕೊರಗು. ಅವರ ಬರಹದಲ್ಲಿ ಈ ಜೀವಿಗಳು ಬೆಂಕಿಯಿಂದಲೋ ನೀರಿನಿಂದಲೋ ಮಾಡಿದ ಗೊಂಬೆಗಳಲ್ಲ. ನಾವು ಗಾಳಿಯಲ್ಲಿ ಓಡಾಡುವಷ್ಟೇ ಸಲೀಸಾಗಿ ನೋಮ್‌ಗಳು ನೆಲದೊಳಗೆ ಓಡಾಡುತ್ತವೆ. ಅವುಗಳಿಗೆ ರಕ್ತಮಾಂಸವಿದೆ, ಅವು ಉಣ್ಣುತ್ತವೆ, ಮಾತನಾಡುತ್ತವೆ, ಇಲ್ಲದಿರುವುದು ಆತ್ಮವೊಂದೇ. ಮನುಷ್ಯನನ್ನು ಮದುವೆಯಾದ ನೀರಿನ ಹೆಣ್ಣಿಗೆ ಆ ಆತ್ಮವೂ ದೊರೆಯುತ್ತದೆ. ನೀರು ಅವಳ ವಿಳಾಸವಷ್ಟೇ, ಅವಳನ್ನು ಕಥೆಗೆ ತರುವುದು ಆ ಕೊರತೆ.

ಗ್ರೀಕ್ ಪುರಾಣಗಳ ಮರದ ದೇವತೆ ಹಮಾಡ್ರಯಾಡ್ ಅನ್ನೂ ಗಮನಿಸಿ. ಅವಳ ಆಯುಷ್ಯ ಒಂದು ಮರದ ಆಯುಷ್ಯಕ್ಕೆ ಕಟ್ಟುಬಿದ್ದಿದೆ, ಆದ್ದರಿಂದ ಕೊಡಲಿ ಹಿಡಿದ ಪ್ರತಿಯೊಬ್ಬನೂ ಅವಳ ಪಾಲಿಗೆ ಸಾವು ಬದುಕಿನ ಪ್ರಶ್ನೆಯೇ. ಜಪಾನಿನ ತ್ಸುಕುಮೊಗಾಮಿಯ ಕಲ್ಪನೆಯಲ್ಲಿ ನೂರು ವರ್ಷ ಬಳಕೆಯಾದ ಪಾತ್ರೆ ಪಗಡಗಳಿಗೆ ಜೀವ ಬರುತ್ತದೆ. ದುಡಿಸಿಕೊಂಡು ಎಸೆದವರ ಮೇಲೆ ಅವು ಮುನಿಯುತ್ತವೆ. ಹಾಗಾಗಿ ನಿಮ್ಮ ಉಪ್ಪಿನ ಚೇತನದ ಮೈ ಹೇಗಿದೆ ಎಂದು ಬರೆಯುವುದಕ್ಕೆ ಮೊದಲು ಅದಕ್ಕೆ ಏನಿಲ್ಲ, ಅದು ಯಾವುದಕ್ಕೆ ಕಟ್ಟುಬಿದ್ದಿದೆ ಎಂದು ಕೇಳಿಕೊಳ್ಳಿ.

ದಾಳಗಾರ:

ಮಸಿಕುಡಿಕೆಯವರ ಮಾತಿಗೆ ನನ್ನ ಆಟದಿಂದಲೇ ಒಂದು ಉದಾಹರಣೆಯನ್ನು ಸೇರಿಸುತ್ತೇನೆ. ವಸ್ತುಗಳನ್ನು ಬಿಟ್ಟು, ಮನುಷ್ಯರು ಮಾಡುವ ಕೆಲಸಗಳಿಂದ ಚೇತನಗಳನ್ನು ಹುಟ್ಟಿಸತೊಡಗಿದ ಮೇಲೆ ನನಗೆ ದಾರಿ ತೆರೆಯಿತು. ನನ್ನ ಲೋಕದಲ್ಲಿ ಜನ ತಲೆಮಾರುಗಳಿಂದ ಕಾಲ್ನಡಿಗೆಯಲ್ಲಿ ಹೊಳೆ ದಾಟುತ್ತಿದ್ದ ಒಂದು ಕಡವಿತ್ತು. ನೀರಿಗೆ ಕಾಲಿಡುವ ಮುನ್ನ ಪ್ರತಿಯೊಬ್ಬರೂ ಒಂದು ಕ್ಷಣ ಅನುಮಾನಿಸಿ ನಿಲ್ಲುತ್ತಿದ್ದರು, ಅಲ್ಲಿನ ಚೇತನ ಆ ಅನುಮಾನವನ್ನೇ ಉಂಡು ಬದುಕಿತ್ತು. ಮೂವತ್ತು ವರ್ಷಗಳ ಹಿಂದೆ ಸೇತುವೆ ಬಂತು. ಈಗ ಯಾರೂ ನಿಲ್ಲುವುದಿಲ್ಲ, ಹಸಿದ ಚೇತನ ಸೇತುವೆಯ ಮೇಲಕ್ಕೆ ಏರಿ ಬಂದಿದೆ, ನಡುದಾರಿಯಲ್ಲಿ ಪ್ರಯಾಣಿಕರು ತಾವು ಎಲ್ಲಿಗೆ ಹೊರಟಿದ್ದೆವೆಂಬುದನ್ನು ಮರೆತು ನಿಂತುಬಿಡುತ್ತಾರೆ.

ಇದಕ್ಕೆ ನಾನು ಒಂದೇ ಒಂದು ನಿಯಮವನ್ನು ಬರೆದುಕೊಂಡೆ: ಸೇತುವೆಯ ಮೇಲೆ ಆಟಗಾರರು ತಾವು ಹೇಳಿದ ನಡೆಯನ್ನು ಬದಲಿಸಿದಾಗಲೆಲ್ಲ ಚೇತನಕ್ಕೆ ಒಂದು ತುತ್ತು ಸಿಗುತ್ತದೆ, ಮೂರು ತುತ್ತು ಸಿಕ್ಕರೆ ಅದು ಒಬ್ಬರ ನೆನಪೊಂದನ್ನು ಎತ್ತಿಕೊಳ್ಳುತ್ತದೆ. ನಿಯಮವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಎರಡನೆಯ ನೆನಪು ಹೋದ ಮೇಲೆ ಒಬ್ಬರು ಥಟ್ಟನೆ ಅದನ್ನು ಗುರುತಿಸಿದರು, ಆ ಗಳಿಗೆಯಲ್ಲಿ ಅವರ ಮುಖದಲ್ಲಿ ಕಂಡ ಬೆಳಕು ಯಾವ ಕಾಳಗದಲ್ಲೂ ನನಗೆ ಕಂಡಿರಲಿಲ್ಲ. ಕೊನೆಗೆ ಅವರು ಚೇತನವನ್ನು ಕೊಲ್ಲದೆ ನಗರದ ನ್ಯಾಯಾಲಯದ ಹೊಸ್ತಿಲಲ್ಲಿ ನೆಲೆಗೊಳಿಸಿದರು. ತೀರ್ಪು ಕೊಡುವ ಮುನ್ನ ನ್ಯಾಯಾಧೀಶರು ಅನುಮಾನಿಸಬೇಕಾದದ್ದು ನ್ಯಾಯವೇ ತಾನೆ ಎಂಬುದು ಅವರ ವಾದವಾಗಿತ್ತು. ಇಂಥ ಪರಿಹಾರ ನನಗೆ ಹೊಳೆದೇ ಇರಲಿಲ್ಲ.

ನಕ್ಷೆಗಾರ:

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಬೇಡಿ. ಅನುಮಾನವನ್ನು ಉಣ್ಣುವ ಚೇತನ ನಿಜವಾಗಿಯೂ ಇರುವ ಲೋಕದಲ್ಲಿ ಸೇತುವೆ ಕಟ್ಟುವವರು ಸುಮ್ಮನೆ ಕಟ್ಟುವುದಿಲ್ಲ. ಹಳೆಯ ಕಡವಿನ ಚೇತನದ ಜೊತೆ ಅವರು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ, ಒಪ್ಪಂದ ಮುರಿದವರ ಮೇಲೆ ದಾವೆಗಳು ನಡೆದಿರುತ್ತವೆ, ಅಂಥ ಮಾತುಕತೆಯನ್ನೇ ಕಸುಬಾಗಿಸಿಕೊಂಡ ಮನೆತನಗಳೂ ಇರುತ್ತವೆ. ಚೇತನಗಳ ಗುರುತು ಜನಜೀವನದಲ್ಲಿ ಬೀಳದಿದ್ದರೆ ಅವು ಕಾಡಿನಲ್ಲಿ ಅಡಗಿ ಕುಳಿತ ಮೃಗಗಳಾಗಿಯೇ ಉಳಿಯುತ್ತವೆ. ಹೀಗೆ ಬೇರು ಬಿಟ್ಟ ಮೂರು ಬಗೆಗಳು ಒಂದು ಲೋಕಕ್ಕೆ ಸಾಕು, ಮೂವತ್ತು ಬೇಡ.

ಇನ್ನೊಂದು ವಿಷಯವನ್ನು ಕಾಳಜಿಯಿಂದ ಹೇಳಬೇಕಿದೆ. ಇಸ್ಲಾಮಿನ ಜಿನ್, ಜಪಾನಿನ ಶಿಂಟೋ ದೈವಗಳಾದ ಕಾಮಿ ಮುಂತಾದವು ಇಂದಿಗೂ ಕೋಟ್ಯಂತರ ಜನರ ನಂಬಿಕೆಯ ಭಾಗಗಳು. ಅವುಗಳಿಂದ ಕಲಿಯಬಹುದು, ಆದರೆ ಹೆಸರನ್ನು ಎತ್ತಿಕೊಂಡು ಬಂದು ಕತ್ತಿಗೆ ಗುರಿಯಾಗಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ.

ಅಲೆಮಾರಿ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಉಪ್ಪಿನ ಚೇತನವನ್ನು ಮೊದಲಿನಿಂದ ಬರೆದೆ. ಉಪ್ಪು ಕೆಡದಂತೆ ಕಾಯುತ್ತದೆ, ಆದ್ದರಿಂದ ಈ ಚೇತನ ಕಡಲು ಹಿಂದೆ ಸರಿದ ಬಯಲುಗಳಲ್ಲಿದ್ದು ಅಲ್ಲಿ ಆಡಿದ ಪ್ರತಿ ಮಾತನ್ನೂ ಹಾಗೆಯೇ ಕಾಯ್ದಿಡುತ್ತದೆ. ಅದಕ್ಕೆ ಇಲ್ಲದಿರುವುದು ಮರೆವು. ಸಾವಿರ ವರ್ಷಗಳ ಮಾತುಗಳ ಭಾರದಿಂದ ಬಳಲಿರುವ ಅದು ತನ್ನ ಬಳಿಗೆ ಬಂದವರನ್ನು ಬೇಡುವುದು ಇಷ್ಟೇ: ನೀವು ಆಡಿದ ಒಂದು ಮಾತನ್ನಾದರೂ ನಡೆಸಿಕೊಡಿ, ಆಗ ಅದನ್ನು ನಾನು ಬಿಟ್ಟುಬಿಡಬಹುದು. ಬಯಲಿನ ಅಂಚಿನ ಊರುಗಳಲ್ಲಿ ಯಾರೂ ಹೊರಗೆ ನಿಂತು ಆಣೆ ಮಾಡುವುದಿಲ್ಲ, ವ್ಯಾಪಾರಿಗಳು ಮಾತ್ರ ಕರಾರುಗಳಿಗಾಗಿಯೇ ಅಲ್ಲಿಗೆ ಬರುತ್ತಾರೆ. ಕತ್ತಿ ಹಿರಿದ ಆಟಗಾರರ ಪಾತ್ರ ಮೊದಲ ದಿನವೇ ಆ ಬಯಲನ್ನು ದಾಟುವಾಗ ತಂಗಿಗೆ ಒಂದು ಮಾತು ಕೊಟ್ಟಿತ್ತು. ಅವರು ಅದನ್ನು ಮರೆತಿದ್ದಾರೆ, ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದು ಇದೆ. ಮುಂದಿನ ಸಲ ಉಪ್ಪಿನ ಚೇತನ ಬಾಯಿ ತೆರೆದಾಗ ಆ ಮಾತನ್ನು ಅವರ ದನಿಯಲ್ಲೇ ಅವರಿಗೆ ಕೇಳಿಸಲಿದ್ದೇನೆ.