ಶಾಲೆಯಲ್ಲಿ ಫಿಟ್ನೆಸ್ ಟೆಸ್ಟ್ ಅಂತೆ, ಮಗಳು ಹೆದರಿದ್ದಾಳೆ. ನಿಮ್ಮ ಅನುಭವ ಹೇಳಿ

ಕೇಳಿದವರು: ಏಳನೇ ಕ್ಲಾಸಿನ ಹುಡುಗಿಯ ತಾಯಿ, ಸುಂಕದಕಟ್ಟೆ

ಮಗಳು ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಇನ್ನು ಮೂರು ವಾರಕ್ಕೆ ಫಿಟ್ನೆಸ್ ಟೆಸ್ಟ್ ಇದೆಯಂತೆ. ಹೋದ ವರ್ಷ ಬೇರೆ ಶಾಲೆಯಲ್ಲಿದ್ದಳು. ಅಲ್ಲಿ ತೂಕ ನೋಡಿದವರು ಎಲ್ಲರ ಎದುರು ಜೋರಾಗಿ "ಐವತ್ತೆರಡು" ಎಂದು ಕೂಗಿ ಬರೆಸಿದರು. ಅವತ್ತಿನಿಂದ ಹುಡುಗರು ಅವಳ ಹೆಸರನ್ನೇ ಬಿಟ್ಟು "ಐವತ್ತೆರಡು" ಅಂತಲೇ ಕರೆದರು. ಈಗ ಟೆಸ್ಟ್ ಮಾತು ಎತ್ತಿದರೆ ತಟ್ಟೆ ಬಿಟ್ಟು ಏಳುತ್ತಾಳೆ. ಅವತ್ತು ರಜಾ ಹಾಕಿಸಿಬಿಡಲಾ? ನಾನು ಗಾರ್ಮೆಂಟ್ಸ್‌ಗೆ ಹೋಗುವವಳು, ಮನೆ ಸೇರುವಾಗ ಸಂಜೆ ಆರೂವರೆ. ಏನೇನು ಮಾಡಿಸುತ್ತಾರೆ, ಮನೆಯಲ್ಲಿ ಏನು ಅಭ್ಯಾಸ ಮಾಡಿಸಬಹುದು, ಗೊತ್ತಿದ್ದವರು ದಯವಿಟ್ಟು ಹೇಳಿ.

ಪಿ.ಟಿ. ಮೇಷ್ಟ್ರು, ಯಲಹಂಕ ಕಡೆ

ಅಮ್ಮ, ರಜಾ ಮಾತ್ರ ಹಾಕಿಸಬೇಡಿ. 19 ವರ್ಷದಿಂದ ಮಕ್ಕಳನ್ನು ಓಡಿಸುತ್ತಿದ್ದೇನೆ. ಒಂದು ಸಲ ತಪ್ಪಿಸಿಕೊಂಡ ಮಗು ಮುಂದಿನ ಸಲ ಇನ್ನೂ ಜಾಸ್ತಿ ಹೆದರುತ್ತದೆ.

ಮೊದಲು ಏನೇನು ಇರುತ್ತದೆ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದವರ ಟೆಸ್ಟ್ ಆದರೆ 4ನೇ ಕ್ಲಾಸಿನಿಂದ ಮೇಲಿನವರಿಗೆ ಎತ್ತರ-ತೂಕ, 50 ಮೀಟರ್ ಓಟ, 600 ಮೀಟರ್, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು, 30 ಸೆಕೆಂಡಿನಲ್ಲಿ ಎಷ್ಟು ಕರ್ಲ್-ಅಪ್ (ಮಂಡಿ ಮಡಿಸಿ ಮಲಗಿ ಭುಜ ಎತ್ತುವುದು), ಆಮೇಲೆ ಪುಶ್-ಅಪ್. ಹುಡುಗಿಯರು ಪುಶ್-ಅಪ್‌ಗೆ ಮಂಡಿ ನೆಲಕ್ಕೆ ಊರಬಹುದು. 1ರಿಂದ 3ನೇ ಕ್ಲಾಸಿನ ಚಿಕ್ಕವರಿಗೆ ಎತ್ತರ-ತೂಕ ಬಿಟ್ಟರೆ ಇದ್ಯಾವುದೂ ಇಲ್ಲ. ಎತ್ತರ-ತೂಕ ನೋಡಿ, ಒಂಟಿ ಕಾಲಲ್ಲಿ ನಿಲ್ಲಿಸುತ್ತೇವೆ, ಎರಡು ಬಿಲ್ಲೆಗಳನ್ನು ಕೈಯಲ್ಲಿ ಬೇಗ ಬೇಗ ತಟ್ಟಿಸುತ್ತೇವೆ, ಅಷ್ಟೆ.

ಎಲ್ಲ ಮಕ್ಕಳೂ ಹೆದರುವುದು 600 ಮೀಟರಿಗೇ. ಆದರೆ ಅದು ಬರೀ ಓಟ ಅಲ್ಲ. ಸುಸ್ತಾದರೆ ನಡೆಯಬಹುದು, ನಡೆದ ಮೇಲೆ ಮತ್ತೆ ಓಡಬಹುದು. ಇದನ್ನು ಮಗಳಿಗೆ ಬಿಡಿಸಿ ಹೇಳಿ. ಎಷ್ಟೋ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದೇ ಇಲ್ಲ. ನಮ್ಮ ಶಾಲೆ ಅಂಗಳ ಒಂದು ಸುತ್ತಿಗೆ 100 ಮೀಟರ್, ಆರು ಸುತ್ತು ಹಾಕಿಸುತ್ತೇನೆ. ಹೆಚ್ಚಿನವರು ಮೊದಲ ಸುತ್ತಲ್ಲೇ ಜಿಂಕೆ ತರ ಹಾರಿ, ಮೂರನೇ ಸುತ್ತಿಗೆ ಪಕ್ಕೆ ಹಿಡಿದುಕೊಂಡು ನಿಂತುಬಿಡುತ್ತಾರೆ. ಪಕ್ಕದವಳ ಜೊತೆ ಎರಡು ಮಾತು ಆಡುವಷ್ಟು ಉಸಿರು ಉಳಿಸಿಕೊಂಡು ಶುರು ಮಾಡಿದ ಮಗು ಆರನೇ ಸುತ್ತನ್ನೂ ಮುಗಿಸುತ್ತದೆ.

ಮನೆಯಲ್ಲಿ ದಿನ ಬಿಟ್ಟು ದಿನ, ಹದಿನೈದು ನಿಮಿಷ ಸಾಕು. ಒಂದು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ. ಎರಡನೇ ವಾರ ಓಟ ಎರಡು ನಿಮಿಷ ಮಾಡಿ. ಟೆಸ್ಟಿಗೆ ಎರಡು ದಿನ ಮುಂಚೆ ನಿಲ್ಲಿಸಿ. ಅವತ್ತು ಬಿಸಿಯೂಟ ಆದ ತಕ್ಷಣ ಓಡಿಸಿದರೆ ಯಾವ ಮಗುವಿಗೂ ಆಗುವುದಿಲ್ಲ, ಹಾಗಾಗಿ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ತೂಕದ ವಿಷಯ. ಕೂಗಿ ಹೇಳಿದ್ದು ತಪ್ಪು, ಖಂಡಿತ ತಪ್ಪು. ಓದಿ ಬೇಸರ ಆಯಿತು. ನಾನು ತೂಕದ ಯಂತ್ರವನ್ನು ಸ್ಟಾಫ್ ರೂಮಿನ ಮೂಲೆಯಲ್ಲಿ ಇಡುತ್ತೇನೆ. ಒಬ್ಬೊಬ್ಬರೇ ಒಳಗೆ ಬರುತ್ತಾರೆ, ನಾನೇ ನೋಡಿ ನಾನೇ ಬರೆದುಕೊಳ್ಳುತ್ತೇನೆ. ಬರೆಯುವ ಕೆಲಸ ಲೀಡರ್ ಹುಡುಗನಿಗೆ ಕೊಡುವುದಿಲ್ಲ. ಇದಕ್ಕೆ ಒಂದು ಕ್ಲಾಸಿಗೆ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ನೀವೂ ಟೆಸ್ಟಿಗೆ ಮುಂಚೆ ಒಂದು ಸಲ ಮೇಷ್ಟ್ರನ್ನು ನೋಡಿ, "ತೂಕ ಒಂದು ಪಕ್ಕಕ್ಕೆ ಕರೆದು ನೋಡಿ ಸರ್" ಅಂತ ಕೇಳಿ. ಹೋಗುವುದಕ್ಕೆ ಆಗದಿದ್ದರೆ ಡೈರಿಯಲ್ಲಿ ಬರೆದು ಕಳಿಸಿ. ಇಲ್ಲ ಅನ್ನುವ ಮೇಷ್ಟ್ರು ಕಮ್ಮಿ.

ಡಿಗ್ರಿ ಎರಡನೇ ವರ್ಷ, ಲಗ್ಗೆರೆ

ಅಕ್ಕ, ನಿಮ್ಮ ಮಗಳ ಜಾಗದಲ್ಲಿ ನಾನೂ ಇದ್ದೆ. ಎಂಟನೇ ಕ್ಲಾಸಲ್ಲಿ ಎಲ್ಲರೂ ಓಡಿ ಮುಗಿಸಿ ಕಟ್ಟೆ ಮೇಲೆ ಕೂತಿದ್ದಾಗ ನಾನೊಬ್ಬಳೇ ಇನ್ನೂ ಅಂಗಳದಲ್ಲಿದ್ದೆ. ಸುತ್ತು ಇನ್ನೂ ಎರಡು ಬಾಕಿ. ಬೆಂಚ್‌ಮೇಟ್ ಎದ್ದು ಬಂದಳು. ಅವಳದು ಆಗಲೇ ಮುಗಿದಿತ್ತು. ಸುಮ್ನೆ ನನ್ನ ಪಕ್ಕ ನಡೆಯತೊಡಗಿದಳು, ಏನೂ ಮಾತಾಡಲಿಲ್ಲ. ಆ ಎರಡು ಸುತ್ತು ಇವತ್ತಿಗೂ ಮರೆತಿಲ್ಲ. ಮಗಳ ಫ್ರೆಂಡ್ ಯಾರಾದರೂ ಇದ್ದರೆ ಜೊತೆಗೆ ಓಡುವುದಕ್ಕೆ ಈಗಲೇ ಹೇಳಿಡಿ.

ಹುಡುಗಿಯರ ಕಷ್ಟ ಇನ್ನೂ ಒಂದೆರಡು ಇದೆ. ಚೂಡಿದಾರ್ ಯೂನಿಫಾರ್ಮ್ ಆದರೆ ವೇಲ್ ತೆಗೆದಿಟ್ಟು ಓಡಬಹುದಾ ಅಂತ ಮುಂಚೆನೇ ಕೇಳಿ. ಪಿನ್ ಹಾಕಿಕೊಂಡು ಓಡಿದರೆ ಮನಸ್ಸೆಲ್ಲ ಪಿನ್ ಮೇಲೇ ಇರುತ್ತದೆ. ಅವತ್ತೇ ಮುಟ್ಟಾದರೆ ಬೇರೆ ದಿನ ಮಾಡಿಸಿ ಅಂತ ಕೇಳುವುದು ತಪ್ಪಲ್ಲ. ಮೇಷ್ಟ್ರ ಹತ್ತಿರ ಸಂಕೋಚ ಆದರೆ ಕ್ಲಾಸ್ ಟೀಚರ್ ಮೇಡಂ ಹತ್ತಿರ ಹೇಳಲಿ.

ಸ್ಟಾಫ್ ನರ್ಸ್, ನಗರ ಆರೋಗ್ಯ ಕೇಂದ್ರ

ಒಂದು ಮಾತು ಸೇರಿಸುತ್ತೇನೆ. ಓಡಲಾಗದ ಮಗುವನ್ನು ಸೋಮಾರಿ ಅನ್ನುವ ಮುಂಚೆ ರಕ್ತ ನೋಡಿಸಿ. ಮೈ ತುಂಬಿಕೊಂಡಿದ್ದರೂ ರಕ್ತ ಕಮ್ಮಿ ಇರಬಹುದು, ನೋಡಿದರೆ ಗೊತ್ತೇ ಆಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿಕೊಂಡಿರುವುದು, ಬಳಪ ತಿನ್ನುವ ಚಟ, ಇವು ಕಂಡರೆ ಕರೆದುಕೊಂಡು ಬನ್ನಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ವಾಕರಿಕೆ ಬರುತ್ತದೆ ಅಂತ ಎಷ್ಟೋ ಮಕ್ಕಳು ಜೇಬಿಗೆ ಹಾಕಿಕೊಂಡು ಬರುತ್ತಾರೆ. ಊಟ ಆದ ಮೇಲೆ ನುಂಗಿದರೆ ವಾಕರಿಕೆ ಕಮ್ಮಿ. ಅದರ ಜೊತೆ ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಉಬ್ಬಸ ಇರುವ ಮಕ್ಕಳ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ, ಇನ್ಹೇಲರ್ ಬ್ಯಾಗಿನಲ್ಲಿರಲಿ, ಮೇಷ್ಟ್ರಿಗೆ ಗೊತ್ತಿರಲಿ. ನಮ್ಮ ಬೆಂಗಳೂರಿನ ಚಳಿಗಾಲದ ಬೆಳಗ್ಗೆ, ಅದೂ ಧೂಳಿನ ಅಂಗಳ ಆದರೆ, ಉಸಿರು ಕಟ್ಟುವುದು ಬೇಗ.

ಮಲ್ಲೇಶ್ವರದಿಂದ

ನನ್ನ ತಂಗಿ ಮಕ್ಕಳು ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ. ಅಲ್ಲಿ 5, 7, 9ನೇ ಕ್ಲಾಸಿನಲ್ಲಿ ಟೆಸ್ಟ್ ಮಾಡುತ್ತಾರೆ. ಫಿಟ್ನೆಸ್‌ಗ್ರಾಂ ಅಂತ ಹೆಸರು, 1982ರಲ್ಲಿ ಡಲ್ಲಾಸ್‌ನ ಕೂಪರ್ ಇನ್‌ಸ್ಟಿಟ್ಯೂಟ್‌ನವರು ಶುರು ಮಾಡಿದ್ದು. ನನಗೆ ಅದರಲ್ಲಿ ಹಿಡಿಸಿದ್ದು ಒಂದೇ. ಕ್ಲಾಸಿನಲ್ಲಿ ಯಾರು ಫಸ್ಟ್ ಅಂತ ನೋಡುವುದಿಲ್ಲ. ಆ ವಯಸ್ಸಿಗೆ ಆರೋಗ್ಯವಾಗಿರಲು ಎಷ್ಟು ಬೇಕೋ ಅಷ್ಟು ಆಯಿತಾ, ಇಲ್ಲವಾ, ಅಷ್ಟೇ ಲೆಕ್ಕ. ಅದರಲ್ಲೊಂದು ಓಟ ಇದೆ, 20 ಮೀಟರ್ ಅಂತರದಲ್ಲಿ ಎರಡು ಗೆರೆ, ಬೀಪ್ ಶಬ್ದಕ್ಕೆ ಸರಿಯಾಗಿ ಆಚೆ ಈಚೆ ಓಡಬೇಕು. ಅಂಗಳ ಚಿಕ್ಕದಿರುವ ನಮ್ಮ ಶಾಲೆಗಳಿಗೂ ಇದು ಒಗ್ಗುತ್ತದೆ ಅಲ್ವಾ ಮೇಷ್ಟ್ರೇ?

ಪಿ.ಟಿ. ಮೇಷ್ಟ್ರು, ಯಲಹಂಕ ಕಡೆ

ಒಗ್ಗುತ್ತದೆ ಮೇಡಂ. ನಮ್ಮಲ್ಲಿ 50 ಮೀಟರಿಗೇ ಉದ್ದ ಸಾಲದು. ಬೆಳಗ್ಗೆ ಪ್ರೇಯರಿಗೆ ಮುಂಚೆ ಪಕ್ಕದ ರಸ್ತೆಯ ಎರಡೂ ತುದಿಗೆ ದೊಡ್ಡ ಮಕ್ಕಳನ್ನು ನಿಲ್ಲಿಸಿ ಗಾಡಿ ತಡೆದು ಓಡಿಸುತ್ತೇನೆ. ಯಾರು ಫಸ್ಟ್ ಅನ್ನುವ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಹೋದ ಸಲಕ್ಕಿಂತ ಎಷ್ಟು ಸೆಕೆಂಡ್ ಕಮ್ಮಿ ಆಯಿತು, ನಾನು ಮಕ್ಕಳಿಗೆ ಹೇಳುವುದು ಅದೊಂದನ್ನೇ.

ಕೇಳಿದವರು, ಹನ್ನೆರಡು ದಿನದ ಮೇಲೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅರ್ಧ ದಿನ ರಜಾ ಹಾಕಿ ಹೋಗಿ ಮೇಷ್ಟ್ರನ್ನು ನೋಡಿದೆ. ತೂಕ ಒಳಗೆ ನೋಡುತ್ತೇನೆ ಅಂದರು. ಇವಳೊಬ್ಬಳಿಗೇ ಅಲ್ಲ, ಎಲ್ಲರಿಗೂ ಹಾಗೇ ಮಾಡುತ್ತಾರಂತೆ.

ನಮ್ಮ ಬೀದಿಯಲ್ಲಿ 50 ಮೀಟರ್ ಅಳೆದೆವು. ನನ್ನ ಹೊಲಿಗೆ ಟೇಪು ಒಂದೂವರೆ ಮೀಟರ್. 33 ಸಲ ಇಟ್ಟು, ಮೇಲೆ ಅರ್ಧ ಮೀಟರ್ ಸೇರಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಅಷ್ಟರಲ್ಲಿ ಬೀದಿ ಮಕ್ಕಳೆಲ್ಲ ಸೇರಿಕೊಂಡರು, ಈಗ ದಿನಾ ಏಳು ಜನ ಓಡುತ್ತಾರೆ. ಮಗಳು ಇನ್ನೂ ಹಿಂದೆಯೇ ಬರುತ್ತಾಳೆ, ನಡೆಯುತ್ತಾಳೆ, ಮತ್ತೆ ಓಡುತ್ತಾಳೆ.

ನಿನ್ನೆ ಗೋಡೆಗೆ ಪಾದ ಒತ್ತಿ ಕೂತು ಬಾಗುವುದನ್ನು ಮಾಡಿಸಿದೆ. ನನ್ನ ಬೆರಳು ಮೊಣಕಾಲು ದಾಟಿ ಸ್ವಲ್ಪ ಮುಂದಕ್ಕೆ ಹೋಗಿ ನಿಂತಿತು. ಅವಳ ಎರಡೂ ಅಂಗೈ ಪೂರ್ತಿ ಗೋಡೆಗೆ ತಾಗಿತು, ಮಂಡಿ ಒಂದಿಷ್ಟೂ ಮೇಲೇಳಲಿಲ್ಲ. "ಅಮ್ಮ, ಇದನ್ನು ಎಲ್ಲರ ಎದುರು ಮಾಡಿಸುತ್ತಾರಾ?" ಅಂತ ಕೇಳಿದಳು. ಹೌದು ಅಂದೆ. ರಾತ್ರಿ ಎರಡು ಮುದ್ದೆ ಉಂಡಳು.

ರಕ್ತ ಪರೀಕ್ಷೆಗೆ ಶನಿವಾರ ಹೋಗುತ್ತಿದ್ದೇವೆ. ಮೇಷ್ಟ್ರೇ, ಕರ್ಲ್-ಅಪ್ ಮಾಡುವಾಗ ಕುತ್ತಿಗೆ ನೋಯುತ್ತದೆ ಅನ್ನುತ್ತಾಳೆ, ಕೈ ಎಲ್ಲಿ ಇಟ್ಟುಕೊಳ್ಳಬೇಕು ಸ್ವಲ್ಪ ಹೇಳಿ.

ಪಿ.ಟಿ. ಮೇಷ್ಟ್ರು, ಯಲಹಂಕ ಕಡೆ

ತಲೆ ಹಿಂದೆ ಕೈ ಕಟ್ಟಿ ಎಳೆಯುತ್ತಿರಬೇಕು, ಅದಕ್ಕೇ ನೋವು. ಮಂಡಿ ಮಡಿಸಿ ಮಲಗಲಿ, ಕೈ ತೊಡೆ ಮೇಲಿರಲಿ. ಅಂಗೈ ಮಂಡಿ ಕಡೆಗೆ ಜಾರುವಷ್ಟು ಮಾತ್ರ ಭುಜ ಎತ್ತಿದರೆ ಸಾಕು, ಪೂರ್ತಿ ಎದ್ದು ಕೂರುವುದು ಬೇಡ. ಏಳುವಾಗ ಉಸಿರು ಬಿಡಲಿ.