ಗದಗ-ಬೆಟಗೇರಿ ಗೋಡೆ ಕ್ಯಾಲೆಂಡರ್: ಯಾವ ತಿಂಗಳಿಗೆ ಏನು ಹಾಕಲಿ?

ಬೆಟಗೇರಿ ಹುಡುಗ:
ನಮಸ್ಕಾರ್ರೀ. ಬರುವ ವರ್ಷಕ್ಕೆ ನಮ್ಮೂರಿನದೇ ಒಂದು ಕ್ಯಾಲೆಂಡರ್ ಮಾಡುತ್ತಿದ್ದೇನೆ. ಫೋಟೋ ಎಲ್ಲ ಓಣಿಯ ಗೆಳೆಯರದು. ತ್ರಿಕೂಟೇಶ್ವರ, ವೀರನಾರಾಯಣ, ಬೆಟಗೇರಿ ವೀರಗಲ್ಲು, ಲಕ್ಕುಂಡಿ... ಒಂದೊಂದೂ ಚೆನ್ನಾಗಿದೆ. ಸಾಲಾಗಿ ಜೋಡಿಸಿದರೆ ಮಾತ್ರ ಕಲ್ಲು, ಕಲ್ಲು, ಮತ್ತೆ ಕಲ್ಲು. ಊರೇ ಕಾಣುತ್ತಿಲ್ಲ. ಏನು ಮಾಡಲಿ? ಕಾಗದ ಮಿಂಚುವ ಆರ್ಟ್ ಪೇಪರೇ ಬೇಕಾ?

ಪ್ರೆಸ್ ಕಾಕಾ:
ತಮ್ಮಾ, ಮೊದಲು ತಿಂಗಳು ನೋಡು, ಆಮೇಲೆ ಫೋಟೋ. ಜನವರಿಗೆ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬಂದು ನಮ್ಮ ಶಿರಹಟ್ಟಿ ಸೀಮೆಯಲ್ಲಿ ಚಳಿಗಾಲ ಕಳೆಯುವ ಹಕ್ಕಿ ಅದು. ಫೆಬ್ರವರಿ ಗಾಯಕ ಭೀಮಸೇನ ಜೋಶಿಯವರದು, ಹುಟ್ಟಿದ್ದು 1922ರ ಫೆಬ್ರವರಿ 4. ಆಷಾಢಕ್ಕೆ ಕಪ್ಪತಗುಡ್ಡ. ಗಾಳಿಯಂತ್ರ ಕಾಣದ ಹಾಗೆ ಕತ್ತರಿಸಬೇಡ, ಅವೂ ಈಗ ನಮ್ಮವೇ. ಸೆಪ್ಟೆಂಬರ್‌ಗೆ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ತೀರಿಕೊಂಡಿದ್ದು 2010ರ ಸೆಪ್ಟೆಂಬರ್ 17. ಅಲ್ಲಿ ಕಟ್ಟಡ ಬೇಡ, ಹಾರ್ಮೋನಿಯಂ ಮೇಲೆ ಓಡುವ ಬೆರಳು ಸಾಕು. 1905ರಲ್ಲೇ ಸಹಕಾರ ಸಂಘ ಕಟ್ಟಿದ ಕಣಗಿನಹಾಳಕ್ಕೂ ಒಂದು ಹಾಳೆ ಕೊಡು. ಮೇ ತಿಂಗಳಿಗೆ ಖಾಲಿ ಕೊಡಗಳ ಸಾಲು ಹಾಕಿದರೆ ಅದೇ ಅಸಲಿ ಗದಗ, ಆದರೆ ಜಾಹೀರಾತು ಕೊಡುವವರು ಓಡಿಹೋಗುತ್ತಾರೆ ಬಿಡು.

ಸಣ್ಣ ಅಕ್ಷರಕ್ಕೆ ನಾಲ್ಕೂ ಬಣ್ಣ ಕೂಡಿಸಬೇಡ, ಬರೀ ಕಪ್ಪು ಇಡು. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಪ್ಲೇಟ್, ಅದು ಚೂರು ಸರಿದರೂ ಒತ್ತಕ್ಷರ ಮಬ್ಬಾಗುತ್ತದೆ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಚಿತ್ರ, ಬಿಡು.

ಮಗ್ಗದ ಓಣಿ ಅಕ್ಕ:
ಫೋಟೋ ಯಾವುದಾದರೂ ಇರಲಿ ಬಿಡಪ್ಪಾ, ತಾರೀಖಿನ ಮನೆ ದೊಡ್ಡದಿರಲಿ. ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ನಳ ಬಂದ ದಿನ ಎಲ್ಲ ಅದರಲ್ಲೇ ಬರೆಯುತ್ತೇವೆ. ಮಿಂಚುವ ಕಾಗದದ ಮೇಲೆ ಪೆನ್ನು ಹಿಡಿಯುವುದಿಲ್ಲ, ಕೈ ತಾಗಿದರೆ ಒರೆಸಿಹೋಗುತ್ತದೆ. ಕಾರಹುಣ್ಣಿವೆ, ಮಣ್ಣೆತ್ತಿನ ಅಮಾಸಿ, ಶೀಗಿ ಹುಣ್ಣಿವೆ ಹೆಸರು ಹಿಡಿದೇ ಬರೆಯಬೇಕು. ಸುಮ್ನೆ ಒಂದು ಕರಿ ಚುಕ್ಕೆ ಇಟ್ಟರೆ ಆಗಲ್ಲ. ಅಂದ ಹಾಗೆ, ಬೆಟಗೇರಿ ಅಂತೀಯ, ಮಗ್ಗ ಎಲ್ಲಿ? ಸೀರೆ ಎಲ್ಲಿ?

ಬೆಟಗೇರಿ ಹುಡುಗ:
ಅಕ್ಕಾವ್ರೇ, ಮಗ್ಗಕ್ಕೆ ಶ್ರಾವಣ ಕೊಡುತ್ತೇನೆ, ಪಂಚಮಿ ಸೀರೆ ಆಗಲೇ ಅಲ್ವಾ. ಕಾಕಾ, ಹಾಗಾದರೆ ಮಿಂಚಿಲ್ಲದ ಮ್ಯಾಪ್‌ಲಿಥೋ ಕಾಗದ ಹಾಕಲಾ? ಫೋಟೋ ಕಳೆಗುಂದುವುದಿಲ್ಲವಾ?

ಪ್ರೆಸ್ ಕಾಕಾ:
ಸ್ವಲ್ಪ ಕಳೆಗುಂದುತ್ತದೆ. ಅದು ಶಾಯಿ ಜಾಸ್ತಿ ಹೀರುತ್ತದೆ. ಅದಕ್ಕೇ ಫೋಟೋ ತುಸು ತಿಳಿ ಮಾಡಿಕೊಂಡು ಬಾ. ವೀರಗಲ್ಲಿನದು ಮೊದಲೇ ಕಪ್ಪು, ಅದೊಂದು ಹಾಳೆಯ ಪ್ರೂಫ್, ಅಂದರೆ ಮಾದರಿ ಪ್ರತಿ, ಮೊದಲು ತೆಗೆಸು.