ಕೊಲೊನೋಸ್ಕೋಪಿ ನಾರ್ಮಲ್, ಭೇದಿ ಮಾತ್ರ ನಿಂತಿಲ್ಲ: ಹೊಟ್ಟೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ 1: ಅಮ್ಮನಿಗೆ 61 ವರ್ಷ. ಏಳು ತಿಂಗಳಿಂದ ನೀರು ನೀರಾಗಿ ಭೇದಿ, ದಿನಕ್ಕೆ ಎಂಟು ಸಲ. ರಾತ್ರಿಯೂ ಎದ್ದು ಓಡುತ್ತಾರೆ. ನೋವಿಲ್ಲ, ರಕ್ತ ಇಲ್ಲ. 5 ಕೆಜಿ ಇಳಿದಿದ್ದಾರೆ. ಕೊಲೊನೋಸ್ಕೋಪಿ (ದೊಡ್ಡ ಕರುಳಿಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ನಾರ್ಮಲ್. ‘ಐಬಿಎಸ್ (ಪರೀಕ್ಷೆಯಲ್ಲಿ ದೋಷ ಕಾಣದ ಕರುಳಿನ ತೊಂದರೆ), ಟೆನ್ಷನ್ ಬಿಡಿ’ ಅಂದರು. ಮಂಡಿ ನೋವಿಗೆ ದಿನಾ ಡೈಕ್ಲೊಫೆನಾಕ್, ಜೊತೆಗೆ ಗ್ಯಾಸ್ ಮಾತ್ರೆ.

ಡಾಕ್ಟರ್: ಇದನ್ನು ಟೆನ್ಷನ್ ಅಂತ ಬಿಡಬೇಡಿ. ಐಬಿಎಸ್ ಅನ್ನಲು ಹೊಟ್ಟೆನೋವು ಇರಬೇಕು, ಕಳೆದ 3 ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ. ಅಮ್ಮನಿಗೆ ನೋವೇ ಇಲ್ಲ. ನಿದ್ದೆಯಿಂದ ಎಬ್ಬಿಸುವ ಭೇದಿ, ಇಳಿದ ತೂಕ, ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದದ್ದು, ಮೂರೂ ನನಗೆ ಚಿಂತೆಯ ವಿಷಯ.

ಮೊದಲು ನೆನಪಾಗುವುದು ಮೈಕ್ರೋಸ್ಕೋಪಿಕ್ ಕೊಲೈಟಿಸ್. ಇದರಲ್ಲಿ ದೊಡ್ಡ ಕರುಳು ಕ್ಯಾಮೆರಾಗೆ ಚೆನ್ನಾಗಿಯೇ ಕಾಣುತ್ತದೆ. ಒಳಪದರದ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಉರಿಯೂತ ಗೊತ್ತಾಗುತ್ತದೆ. 50 ದಾಟಿದ ಹೆಂಗಸರಲ್ಲಿ ಜಾಸ್ತಿ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗೂ ಒಮೆಪ್ರಜೋಲ್ ಜಾತಿಯ ಗ್ಯಾಸ್ ಮಾತ್ರೆಗೂ ಇದರ ಜೊತೆ ನಂಟಿದೆ. ಹೀಗೆ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿದ್ದಾರಾ? ರಿಪೋರ್ಟ್ ನೋಡಿ ಹೇಳಿ. ಪಿತ್ತಕೋಶ ತೆಗೆಸಿದ್ದಾರಾ? ಅದಾದ ಮೇಲೆ ಪಿತ್ತರಸ ದೊಡ್ಡ ಕರುಳಿಗೆ ಹೆಚ್ಚಾಗಿ ಹರಿದು ಭೇದಿಯಾಗುವುದುಂಟು. ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ), ಥೈರಾಯ್ಡ್ ರಕ್ತ ಪರೀಕ್ಷೆ ಆಗಿದೆಯಾ?

ಪ್ರಶ್ನೆ 2: ನನಗೂ ಭೇದಿ, 29 ವರ್ಷ. ಐಬಿಎಸ್ ಇರಬಹುದಾ?

ಡಾಕ್ಟರ್: ಮೇಲೆ ಬರೆದಿದ್ದೇನೆ, ಓದಿ. ಎಷ್ಟು ದಿನದಿಂದ ಅಂತಲೂ ನೀವು ಹೇಳಿಲ್ಲ.

ಸದಸ್ಯ: ಎಲ್ಲರಿಗೂ ಇದು ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ 2 ಲೀಟರ್ ಉಪ್ಪುನೀರು, ಮೂರು ದಿನ. ಕರುಳು ಪೂರ್ತಿ ಕ್ಲೀನ್. ಫಾರ್ವರ್ಡ್ ಮಾಡಿ.

ಡಾಕ್ಟರ್: ದಯವಿಟ್ಟು ಮಾಡಬೇಡಿ. ಭೇದಿಯಿಂದ ಆಗಲೇ ನೀರು, ಲವಣ ಕಳೆದುಕೊಂಡವರಿಗೆ ಇದು ಅಪಾಯ. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದರಂತೂ ಮುಟ್ಟಲೇಬಾರದು.

ಸದಸ್ಯ: ನಿಮ್ಮ ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ, ಅದಕ್ಕೇ ಜನ ಇದನ್ನು ಹುಡುಕುತ್ತಾರೆ.

ಸದಸ್ಯೆ: ನಾನು ಗೋಧಿ ಬಿಟ್ಟೆ, ಒಂದೇ ವಾರದಲ್ಲಿ ಸರಿಹೋಯಿತು. ಯಾವ ಪರೀಕ್ಷೆಯೂ ಬೇಡ.

ಇನ್ನೊಬ್ಬ ಸದಸ್ಯ: ನಿಮಗೆ ಸರಿಹೋದರೆ ಎಲ್ಲರಿಗೂ ಹೋಗುತ್ತದಾ? ನನ್ನ ಅಣ್ಣ ಹೀಗೇ ಬಿಟ್ಟ. ಆಮೇಲೆ ಪರೀಕ್ಷೆ ಮಾಡಿಸಿಯೂ ಏನೂ ತೀರ್ಮಾನ ಆಗಲಿಲ್ಲ.

ಸದಸ್ಯೆ: ನನ್ನ ಅನುಭವ ಸುಳ್ಳು ಅಂತೀರಾ?

ಇನ್ನೊಬ್ಬ ಸದಸ್ಯ: ಸುಮ್ನೆ ಸಲಹೆ ಕೊಡಬೇಡಿ ಅಂತೀನಿ.

ಡಾಕ್ಟರ್: ಅವರ ಅಣ್ಣನಿಗೆ ಆದದ್ದು ನಿಜವಾದ ತೊಂದರೆ. ಗೋಧಿ ಬಿಟ್ಟರೆ ಸೀಲಿಯಾಕ್ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಬಿಡುವುದು. ಜಗಳ ಇಲ್ಲಿಗೆ ಸಾಕು.

ಪ್ರಶ್ನೆ 3: ನಾಲ್ಕು ವರ್ಷದ ಮಗು, ವಾರಕ್ಕೊಮ್ಮೆ ಮಾತ್ರ ಕಕ್ಕಸು. ಯಾರಾದರೂ ಹೇಳಿ?

ಪ್ರಶ್ನೆ 4: ಡಾಕ್ಟರ್, ಐಬಿಎಸ್‌ಗೆ ಯಾವ ಮಾತ್ರೆ?

ಡಾಕ್ಟರ್: ನೋಡದೆ ಮಾತ್ರೆ ಹೇಳುವುದಿಲ್ಲ.

ಪ್ರಶ್ನೆ 1ರ ಮಗಳು: ರಿಪೋರ್ಟ್ ನೋಡಿದೆ. ಬಯಾಪ್ಸಿ ಅಂತ ಎಲ್ಲೂ ಇಲ್ಲ. ಪಿತ್ತಕೋಶ ಇದೆ. ಥೈರಾಯ್ಡ್ ಸರಿ, ಸೀಲಿಯಾಕ್ ಮಾಡಿಸಿಲ್ಲ.

ಡಾಕ್ಟರ್: ಹಾಗಾದರೆ ಹುಡುಕಾಟ ಅರ್ಧಕ್ಕೇ ನಿಂತಿದೆ. ಇದೇ ವಾರ ಹೊಟ್ಟೆ ತಜ್ಞರ ಹತ್ತಿರ ಹೋಗಿ ‘ಬಯಾಪ್ಸಿ ಆಗಿಲ್ಲ’ ಅಂತ ನೇರ ಹೇಳಿ. ಡೈಕ್ಲೊಫೆನಾಕ್, ಗ್ಯಾಸ್ ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿ. ಮೈಕ್ರೋಸ್ಕೋಪಿಕ್ ಕೊಲೈಟಿಸೇ ಆಗಿದ್ದರೆ ಬುಡೆಸೊನೈಡ್ ಎಂಬ ಔಷಧಕ್ಕೆ ಹೆಚ್ಚಿನವರು ಚೆನ್ನಾಗಿ ಸ್ಪಂದಿಸುತ್ತಾರೆ. ಅಲ್ಲಿಯವರೆಗೆ ಓಆರ್‌ಎಸ್ ಕುಡಿಸಿ. ತಲೆ ಸುತ್ತಿದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬಯಾಪ್ಸಿ ಫಲಿತಾಂಶ ಬಂದ ದಿನ ನನಗೆ ಬರೆಯಿರಿ.

ಸದಸ್ಯ: ಉಪ್ಪುನೀರಿನ ವಿಡಿಯೋ ಮತ್ತೆ ಹಾಕಿದ್ದೇನೆ, ಬೇಕಾದವರು ನೋಡಿ.

ಡಾಕ್ಟರ್: ಅಡ್ಮಿನ್, ಅದನ್ನು ಈಗಲೇ ತೆಗೆಯಿರಿ.